ಒಂಬತ್ತನೇ ಸುತ್ತಿನ ಪಾಠ

ಗುಲಾಬಿ ಕುಂಡದ ಮಣ್ಣು ಕೆದಕಿದಾಗ ಜ್ಞಾನೇಶನ ಕೈಗೆ ಸಿಕ್ಕಿದ್ದು ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆಗಳು. ಒಂದಲ್ಲ ಎರಡಲ್ಲ, ಇಡೀ ತಿಂಗಳಿನವು. ಅವನಿಗೆ ಮೈಯೆಲ್ಲ ಉರಿದುಹೋಯಿತು.

"ತನುಜಾ, ಅಮ್ಮ ಎಲ್ಲಿ?"

"ಇನ್ನೆಲ್ಲಿ, ಭದ್ರಾವತಿಗೆ. ಕ್ಲಾಸಿಗೆ," ಅಂದಳು ಹೆಂಡತಿ.

ಏಳೇ ದಿನದ ಆತ್ಮಜ್ಞಾನದ ಪಾಠ ಅಂತ ಯಾವುದೋ ಬಳಗದವರು ದುರ್ಗಿಗುಡಿಯ ಮನೆಯಿಂದ ಅಮ್ಮ ಸುಭದ್ರಮ್ಮನನ್ನು ಕರೆದೊಯ್ದಿದ್ದರು. ಏಳು ಮುಗಿದ ಮೇಲೆ, ಇನ್ನೂ ಗಟ್ಟಿಯಾಗಿಲ್ಲ ಅಂತ ಮತ್ತೆ ಏಳು. ಈಗ ಒಂಬತ್ತನೇ ಸುತ್ತು. ಸಾರಿಗೆ ಉಪ್ಪು ಸಾಕಾ ಅಂತ ಕೇಳಿದರೂ ಅಮ್ಮನ ಉತ್ತರ ಒಂದೇ: "ದೇಹ ಬೇರೆ, ನಾನು ಬೇರೆ."

ಪಂಪ್‌ಸೆಟ್ ಅಂಗಡಿಗೆ ಲೇಟಾಗಿ ಬರ್ತೀನಿ ಅಂತ ಫೋನ್ ಮಾಡಿ ಜ್ಞಾನೇಶ ಬಸ್ ಹತ್ತಿದ.

ಭದ್ರಾವತಿಯ ಬಾಡಿಗೆ ಹಾಲ್‌ನಲ್ಲಿ ನಲವತ್ತು ಜನ ಕಣ್ಣು ಮುಚ್ಚಿ, ನೀರೆತ್ತದ ಮೋಟಾರಿನ ಹಾಗೆ ಗುಂಯ್‌ಗುಡುತ್ತಿದ್ದರು: "ರೋಗ ದೇಹದ್ದು, ನನ್ನದಲ್ಲ." ಮುಂದೆ ಪಾಠ ಹೇಳುವ ಲಿಂಗಪ್ಪ.

"ಏನ್ರೀ, ಅಮ್ಮನ ಮಾತ್ರೆ ಬಿಡ್ಸಿದೀರಲ್ಲ, ನಾಳೆ ಕಾಲು ಕತ್ತರಿಸ್ಬೇಕು ಅಂದ್ರೆ ನಿಮ್ಮ ಕಾಲು ಕೊಡ್ತೀರಾ?"

ಲಿಂಗಪ್ಪ ನಕ್ಕ. "ನಾವು ಬಿಡಿ ಅಂದಿಲ್ಲ ಮಾರಾಯ್ರೇ. ಅವರೇ ಅರ್ಥ ಮಾಡ್ಕೊಂಡ್ರು. ನಿಮಗೆ ಸಿಟ್ಟು ಜಾಸ್ತಿ, ಕೂತ್ಕೊಳ್ಳಿ."

"ಸಿಟ್ಟು ದೇಹದ್ದು, ನನ್ನದಲ್ಲ," ಅಂದರು ನಲವತ್ತೂ ಜನ, ಕಣ್ಣು ತೆರೆಯದೆ.

ಜ್ಞಾನೇಶ ಮೈಕಿನ ವೈರ್ ಕಿತ್ತೆಸೆದ. ಗಲಾಟೆ ಕೇಳಿ ಓಡಿಬಂದ ಹಾಲ್ ಮಾಲೀಕ ಜಯಪ್ಪ, "ಪೊಲೀಸ್ ಗೀಲೀಸ್ ಎಲ್ಲ ನಂಗೆ ಬೇಡ. ಇವತ್ತೇ ಖಾಲಿ ಮಾಡಿ!" ಅಂತ ಲಿಂಗಪ್ಪನಿಗೆ ಗದರಿದ. ಜಯಪ್ಪನನ್ನು ತಬ್ಬಿಕೊಳ್ಳಬೇಕು ಅನಿಸಿತು ಜ್ಞಾನೇಶನಿಗೆ.

ಅಮ್ಮನನ್ನು ಕರೆದುಕೊಂಡು ಹೊರಟವನು ದಾರಿಯಲ್ಲೇ ಮಾತ್ರೆ ಕೊಂಡ. "ಇದನ್ನ ನುಂಗು. ಇನ್ಮೇಲೆ ಭದ್ರಾವತಿಗೆ ಕಾಲಿಡಕೂಡದು."

"ಆಯ್ತು ಕಣೋ, ಹೋಗಲ್ಲ," ಅಂದಳು ಅಮ್ಮ. ಅವನ ಕಣ್ಣೆದುರೇ ನುಂಗಿದಳು. ಅವಳನ್ನು ಮನೆಗೆ ಬಿಟ್ಟು, ಗೆದ್ದ ಖುಷಿಯಲ್ಲಿ ಅಂಗಡಿಗೆ ಹೋದ.

ಸಂಜೆ ಬಂದರೆ ಬಾಗಿಲ ತುಂಬ ಚಪ್ಪಲಿ. ಸೋಫಾವನ್ನು ಗೋಡೆಗೆ ಒತ್ತಿ ಜಮಖಾನ ಹಾಸಿದ್ದರು. ನಡುಮನೆಯಲ್ಲಿ ಲಿಂಗಪ್ಪ!

"ಏನಮ್ಮಾ ಇದು?"

"ಭದ್ರಾವತಿಗೆ ಹೋಗ್ಬೇಡ ಅಂದಿದ್ದು ನೀನೇ ಅಲ್ವೇನೋ? ಮನೆ ನನ್ನ ಹೆಸರಲ್ಲೇ ಇದೆ, ಇಲ್ಲಿಗೇ ಬನ್ನಿ ಅಂದೆ. ಪಾಪ, ನಿನ್ನಿಂದ್ಲೇ ಅವರ ಹಾಲ್ ಹೋಯ್ತು."

"ಎಲ್ರೂ ಹೊರಗೆ ನಡೀರಿ!" ಗಂಟಲು ಹರಿಯುವಂತೆ ಕಿರುಚಿದ ಜ್ಞಾನೇಶ. ಒಬ್ಬರೂ ಅಲುಗಲಿಲ್ಲ.

ಮುಂದಿನ ಸಾಲಿನಿಂದ ತನುಜಾ, ತೊಡೆಯ ಮೇಲೆ ಹೊಸ ನೋಟ್‌ಬುಕ್ ಇಟ್ಟುಕೊಂಡು, ಕಣ್ಣು ಮುಚ್ಚಿಕೊಂಡೇ ಅಂದಳು: "ಸ್ವಲ್ಪ ಸುಮ್ನಿರ್ರೀ, ನಂದಿನ್ನೂ ಮೊದಲ್ನೇ ದಿನ."