ಹೆಬ್ಬೆರಳು ಒಪ್ಪದ ಎರಡು ವರ್ಷ

ಪೆನ್ಷನ್ ಕಚೇರಿಗೆ ಓಡಾಡುವವನು ನಗಲು ಬೇರೆ ಕಡೆ ಹೋಗಬೇಕಾಗಿಲ್ಲ. ಮುಂಬೈಯ ಸಯನ್‌ನಲ್ಲಿ ಮಿಠಾಯಿ ಡಬ್ಬಿ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಕೆಲಸಗಾರರ ಕಾಗದಪತ್ರ ಹಿಡಿದು ಬಾಂದ್ರಾದ ಪೆನ್ಷನ್ ಕಚೇರಿಗೆ ಹೋಗುವುದೂ ನನ್ನ ಪಾಲಿಗೇ ಬಂದಿದೆ. ಹೋದಾಗಲೆಲ್ಲ ಅಲ್ಲಿ ಏನಾದರೊಂದು ನಡೆಯುತ್ತದೆ. ಬಹಳಷ್ಟು ಮರೆತಿದೆ. ಚಾಚಾನ ವಿಷಯ ಮರೆತಿಲ್ಲ.

೧. ಬದಲಿ

ಚಾಚಾ ಎಂದರೆ ನಮ್ಮಲ್ಲಿ ರಟ್ಟು ಮಡಚಿ ಅಂಟು ಹಚ್ಚುತ್ತಿದ್ದ ಹಿರಿಯ ಕೆಲಸಗಾರ. ವಿಜಯಪುರದ ಕಡೆಯವರು. ಮನೆಯಲ್ಲಿ ದಖನಿ, ನನ್ನ ಹತ್ತಿರ ಕನ್ನಡ. ದಾದರ್ ಮಾರ್ಕೆಟ್ಟಿನಲ್ಲಿ ಹೂವಿನ ಮೂಟೆ ಹೊರುವ ಅವರ ತಮ್ಮನನ್ನು ಎಲ್ಲರೂ ಛೋಟೆ ಎನ್ನುತ್ತಿದ್ದರು.

ಚಾಚಾ ಊರಿಗೆ ಹೋದರೆ ಛೋಟೆ ಅಣ್ಣನ ಅಂಗಿ ತೊಟ್ಟು, ಅಣ್ಣನ ಹೆಸರಿನಲ್ಲಿ ಬಂದು ಕೆಲಸ ಮಾಡುತ್ತಿದ್ದ. ನಮ್ಮಲ್ಲಿ ಇದು ರೂಢಿ. ರಜೆ ಕೊಡದ ಮಾಲೀಕರಿಗೂ ಬದಲಿ ಬಂದರೆ ಸಮಾಧಾನ.

ಹಾಜರಿಗೆ ಹೆಬ್ಬೆರಳಿನ ಯಂತ್ರ ಬಂದ ದಿನವೇ ಚಾಚಾ ಊರಲ್ಲಿದ್ದರು. ಚಾಚಾನ ಹೆಸರಿಗೆ ಛೋಟೆಯ ಹೆಬ್ಬೆರಳು ಸೇರಿತು. ವಾಪಸು ಬಂದ ಚಾಚಾ ಬೆರಳಿಟ್ಟರೆ ಕೆಂಪು ದೀಪ. ಹೊಸದಾಗಿ ದಾಖಲಿಸೋಣ ಎಂದರೆ, ರಟ್ಟು ಉಜ್ಜಿ ಉಜ್ಜಿ ನುಣುಪಾದ ಅವರ ಬೆರಳನ್ನು ಯಂತ್ರ ಬೆರಳೆಂದೇ ಒಪ್ಪಲಿಲ್ಲ.

ಸೂಪರ್‌ವೈಸರ್ ಸರಳ ಉಪಾಯ ಕಂಡುಕೊಂಡರು. ಯಂತ್ರದಲ್ಲಿ ಗೈರುಹಾಜರಿ, ಸಂಬಳ ಮಾತ್ರ ವೌಚರ್ ಮೇಲೆ ಕೈಗೆ. ಗೈರುಹಾಜರಾದವನ ಹೆಸರಿನಲ್ಲಿ ಪಿ.ಎಫ್. ಕಟ್ಟುವವರು ಯಾರು? ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ಯಂತ್ರ ಬಿಟ್ಟು ಮತ್ತೆ ಹಾಜರಿ ಪುಸ್ತಕಕ್ಕೆ ಬಂದೆವು. ಯಂತ್ರ ಮಾತ್ರ ಗೋಡೆಯ ಮೇಲೇ ಉಳಿಯಿತು. ತೆಗೆದರೆ ಮೊಳೆಯ ತೂತು ಕಾಣುತ್ತದಲ್ಲ ಎಂದರು ಮಾಲೀಕರು.

೨. ಚೌಕಾಶಿ

ಚಾಚಾಗೆ ಕೆಲಸ ಬಿಡುವ ವಯಸ್ಸಾಯಿತು. ತಿಂಗಳ ಪೆನ್ಷನ್ ಬರಬೇಕಾದರೆ ಹತ್ತು ವರ್ಷ ಪಿ.ಎಫ್. ಹಣ ಕಟ್ಟಿರಬೇಕು. ಚಾಚಾನ ಹೆಸರಿಗೆ ಪಿ.ಎಫ್. ಶುರುವಾಗುವ ಮುಂಚಿನ ದುಡಿಮೆ ಯಾವ ಕಾಗದದಲ್ಲೂ ಇಲ್ಲ. ಇದ್ದದ್ದರಲ್ಲಿ ಆ ಎರಡು ವರ್ಷ ಕಡಿಮೆ ಬಿತ್ತು.

"ಚಾಚಾ, ತಿಂಗಳ ಪೆನ್ಷನ್ ಬರೋದಿಲ್ಲ. ಇರೋದನ್ನ ಒಟ್ಟಿಗೆ ತಗೊಂಡು ಹೋಗಿ," ಎಂದರು ಬಾಂದ್ರಾ ಕಚೇರಿಯ ಕಿಟಕಿಯ ಹಿಂದಿನ ಮರಾಠಿ ಹೆಂಗಸು. ಅಲ್ಲಿ ಎಲ್ಲರೂ ಆಕೆಯನ್ನು ಬಾಯಿ ಎನ್ನುತ್ತಿದ್ದರು.

"ಕಮ್ಮಿ ಬಿದ್ದದ್ದು ನಾನೇ ಕೊಂಡು ತುಂಬ್ತೀನ್ರಿ. ಒಂದು ವರ್ಷಕ್ಕ ಎಷ್ಟು?"

"ಇಲ್ಲಿ ವರ್ಷ ಮಾರೋದಿಲ್ಲ ಚಾಚಾ."

"ಎರಡೂ ಒಮ್ಮೆಲೇ ತಗೋತೀನಿ. ಸ್ವಲ್ಪ ನೋಡಿ ಹೇಳ್ರಿ."

ಆಕೆ ಮುಂದಿನವರನ್ನು ಕರೆದರು. ಚಾಚಾ ನನಗೆ ಕಣ್ಣು ಮಿಟುಕಿಸಿ, ದಾದರ್ ಮಾರ್ಕೆಟ್ಟಿನಲ್ಲಿ ದರ ಹೊಂದದ ಗಿರಾಕಿಯಂತೆ ಬೆನ್ನು ತಿರುಗಿಸಿ ಹೊರಟರು. ನಿಧಾನ ನಡೆದರು. ಬಾಗಿಲ ಹತ್ತಿರ ಚಪ್ಪಲಿ ಸರಿಮಾಡಿಕೊಳ್ಳುತ್ತ ನಿಂತರು. ಲಿಫ್ಟಿನವರೆಗೂ ಯಾರೂ ಕರೆಯಲಿಲ್ಲ.

"ಕರೀಲಿಲ್ಲ ನೋಡ್ರಿ ಸಾಹೇಬ್ರ. ಖರೇನ ಇಲ್ಲ ಅವ್ರ ಹತ್ರ ಮಾಲು."

೩. ಬಿಸ್ಕತ್ತಿನ ಕಾರ್ಖಾನೆ

ಮಾಲು ಹೊರಗೆ ಚಹಾ ಅಂಗಡಿಯಲ್ಲಿತ್ತು. ಅಲ್ಲಿ ಕಾಯುತ್ತಿದ್ದ ಛೋಟೆಯ ಜೊತೆ ನಾವು ಚಹಾ ಕುಡಿದು ಮುಗಿಸುವುದರೊಳಗೆ ಒಬ್ಬ ಏಜೆಂಟ್ ಬಂದು ಕೂತ. ಮುಚ್ಚಿಹೋದ ಕಾರ್ಖಾನೆಗಳ ಠಸ್ಸೆಗಳು ಅವನ ಹತ್ತಿರ ಇದ್ದವಂತೆ.

"ಎರಡೇ ವರ್ಷಾನಾ? ಆಗುತ್ತೆ. ಬೆಲ್ಟಿನ ಕಾರ್ಖಾನೆ ಇದೆ, ಬಿಸ್ಕತ್ತಿಂದು ಇದೆ. ಎಲ್ಲಿ ಕೆಲಸ ಮಾಡಿದ್ರಿ, ಹೇಳಿ."

ನಾನು ಏಳೋಣ ಎಂದೆ. ಚಾಚಾ ಯೋಚನೆಗೆ ಬಿದ್ದಿದ್ದರು.

"ಬಿಸ್ಕಿಟಿಂದೇ ಚಲೋ. ಜೀವಮಾನ ಎಲ್ಲಾ ಅಂಟಿನ ವಾಸನಿ ಕುಡದೀನಿ. ಎರಡು ವರ್ಷನರ ಚಲೋ ವಾಸನಿ ಬರ್ಲಿ."

ಛೋಟೆಗೆ ಆತಂಕವಾಯಿತು. "ಭಾಯ್, ಅಲ್ಲೆ ನೈಟ್ ಶಿಫ್ಟ್ ಇರ್ತದ. ನಿನಗ ನಿದ್ದಿಗೆಡೂದು ಆಗೂದಿಲ್ಲ."

ಚಾಚಾನ ಮುಖ ಸಣ್ಣದಾಯಿತು. "ಡೇ ಶಿಫ್ಟ್ ಸಿಗ್ತದೇನ್ರಿ?" ಎಂದು ಏಜೆಂಟನನ್ನು ಕೇಳಿದರು.

ಅವನು ನಗಲಿಲ್ಲ. "ಸಿಗುತ್ತೆ. ಅದಕ್ಕೆ ರೇಟ್ ಬೇರೆ."

೪. ಯಂತ್ರದ ಸಾಕ್ಷಿ

ಏಜೆಂಟನನ್ನು ಅಲ್ಲೇ ಬಿಟ್ಟು ಲೋಕಲ್ ರೈಲು ಹತ್ತಿದೆವು. ಸಯನ್ ಹತ್ತಿರ ಬಂದಾಗ ಚಾಚಾ, "ಮಾಡದ ಕೆಲಸದ ವರ್ಷ ಪ್ಯಾಟ್ಯಾಗ ಸಿಗ್ತಾವು. ಮಾಡಿದ್ದೇ ಸಿಗವಲ್ದು," ಎಂದರು. ಮರುದಿನ ನಾನು ಅಣ್ಣತಮ್ಮಂದಿರನ್ನು ಮಾಲೀಕರ ಮುಂದೆ ನಿಲ್ಲಿಸಿದೆ. ಬಾಕಿ ಹಣವನ್ನು ಈಗಲೂ ಬಡ್ಡಿ ಸಮೇತ ಕಟ್ಟಬಹುದಿತ್ತು. ಕಟ್ಟಬೇಕಾದವರು ಮಾಲೀಕರೇ.

"ಯಂತ್ರ ಗೈರುಹಾಜರಿ ಅನ್ನುತ್ತೆ," ಎಂದರು ಮಾಲೀಕರು. "ಮನುಷ್ಯ ಸುಳ್ಳು ಹೇಳಬಹುದು. ಯಂತ್ರ ಹೇಳುತ್ತಾ?"

ನಾನು ಗೋಡೆಯ ಯಂತ್ರಕ್ಕೆ ಕರೆಂಟ್ ಕೊಟ್ಟೆ. ಚಾಚಾ ಬೆರಳಿಟ್ಟರು. ಕೆಂಪು. ಛೋಟೆ ಇಟ್ಟ. ಹಸಿರು ದೀಪದ ಜೊತೆ ಚಾಚಾನ ಹೆಸರು ಬಂತು. ಈಗ ಯಾವುದು ಸುಳ್ಳೆಂದು ಅವರಿಗೆ ಗೊತ್ತಾಯಿತು ಎಂದುಕೊಂಡೆ.

ಮಾಲೀಕರು ಛೋಟೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. "ಹಾಗಾದರೆ ಆ ಎರಡು ವರ್ಷ ಕಳ್ಳಬಿದ್ದವನು ಇವನು!"

ಪಿ.ಎಫ್. ಕಟ್ಟದೆ ಬೇರೆಯವರಿಗೆ ಕೊಟ್ಟ ಸಂಬಳದ ವೌಚರುಗಳೂ ನನ್ನ ಕಪಾಟಿನಲ್ಲಿವೆ ಎಂದೆ. ಅಷ್ಟೇ ಅಂದದ್ದು. ಒಂದು ವಾರದಲ್ಲಿ ಬಾಕಿ ಕಟ್ಟಿದರು. ಚಾಚಾನ ಪಾಲಿನ ಕಂತನ್ನು, ಮೇಲೆ ತಾವೇ ಕಟ್ಟಬೇಕಾದ ಬಡ್ಡಿಯನ್ನೂ, ಅವರ ಕೊನೆಯ ಹಿಸಾಬಿನಲ್ಲಿ ಮುರಿದುಕೊಂಡರು. ಇದು ಕಾನೂನಲ್ಲ ಎಂದೆ. ಚಾಚಾನೇ ನನ್ನ ಕೈ ಹಿಡಿದು ಸುಮ್ಮನಾಗಿಸಿದರು. ಪೆನ್ಷನ್ ಬಂದರೆ ಸಾಕಾಗಿತ್ತು ಅವರಿಗೆ. ಒಂದೇ ಒಂದು ಕೋರಿಕೆ ಇತ್ತು.

"ರಸೀದಿ ಕೊಡ್ತಾರೇನು ಕೇಳ್ರಿ. ನಂದೇ ವರ್ಷ ನಾನೇ ಕೊಂಡೀನಿ. ನಾಳೆ ಯಾರರ ಕದ್ದದ್ದು ಅಂದಾರು."

೫. ಹಯಾತಿ

ಪೆನ್ಷನ್ ಈಗ ಬರುತ್ತಿದೆ. ಒಂದು ಸಂಸಾರದ ರೇಷನ್ನಿಗೂ ಸಾಲದಷ್ಟು. ಅದು ಶುರುವಾಗುವ ಮೊದಲು ಹಯಾತಿ ಪತ್ರದ ಒಂದು ಕೆಲಸ ಬಾಕಿ ಇತ್ತು. ತಾನು ಬದುಕಿದ್ದೇನೆ ಎಂದು ಚಾಚಾ ಕಚೇರಿಗೆ ಬಂದು ತೋರಿಸಬೇಕಿತ್ತು.

ಅದೇ ಕಿಟಕಿ, ಅದೇ ಬಾಯಿ. ಈ ಸಲ ಆಕೆಯ ಮುಂದೆ ಒಂದು ಪುಟ್ಟ ಯಂತ್ರ.

"ಹೆಬ್ಬೆರಳು ಇಡಿ ಚಾಚಾ."

ಚಾಚಾ ನನ್ನ ಮುಖ ನೋಡಿದರು. ಇಟ್ಟರು. ಕೆಂಪು ದೀಪ. ಒರೆಸಿ ಇಟ್ಟರು. ಉಗುಳು ಹಚ್ಚಿ ಇಟ್ಟರು. ಎಡಗೈಯದು ಇಟ್ಟರು. ಎಲ್ಲ ಕೆಂಪು.

"ಇದು ಒಪ್ಪುತ್ತಿಲ್ಲ," ಎಂದರು ಬಾಯಿ. ಅವರಿಗೂ ಬೇಸರವಾಗಿತ್ತು. "ಕಣ್ಣು ನೋಡೋ ಯಂತ್ರ ರಿಪೇರಿಗೆ ಹೋಗಿದೆ. ಮುಂದಿನ ವಾರ ಬನ್ನಿ. ಅಲ್ಲಿವರೆಗೆ ನೀವು ಬದುಕಿದ್ದೀರಿ ಅಂತ ಬರೆಯೋಕೆ ಬರೋದಿಲ್ಲ."

ಹಿಂದೆ ಸಾಲು ಗೊಣಗುತ್ತಿತ್ತು. ಚಾಚಾ ಒಂದು ಗಳಿಗೆ ತಮ್ಮ ಬೆರಳನ್ನೇ ನೋಡುತ್ತ ನಿಂತರು. ಆಮೇಲೆ ಹಳೆಯ ಅಭ್ಯಾಸದಂತೆ ತಮ್ಮ ಕೂತಿದ್ದ ಬೆಂಚಿನ ಕಡೆ ತಿರುಗಿ ಕೂಗಿದರು.

"ಏ ಛೋಟೆ, ಬಾರೋ ಇಲ್ಲಿ. ನೀ ಹಚ್ಚು."

ಛೋಟೆ ಎದ್ದು ಬಂದು, ಬೆರಳನ್ನು ಅಂಗಿಗೆ ಒರೆಸಿಕೊಂಡು, ಸಿದ್ಧನಾಗಿ ನಿಂತ. ಆಕೆ ಯಂತ್ರವನ್ನು ಅಂಗೈಯಿಂದ ಮುಚ್ಚಿದರು.

"ಅಹೋ ಚಾಚಾ, ಅವರು ಬೆರಳಿಟ್ಟರೆ ಅವರು ಬದುಕಿದ್ದಾರೆ ಅಂತ ಆಗುತ್ತೆ. ನೀವಲ್ಲ."

"ಅಷ್ಟರ ಆಗ್ಲಿ ಬಿಡ್ರಿ ಬಾಯಿ," ಎಂದರು ಚಾಚಾ. "ನಮ್ಮ ಮನ್ಯಾಗ ಒಬ್ಬನರ ಬದುಕ್ಯಾನ ಅಂತ ಸರಕಾರಕ್ಕ ಗೊತ್ತಾಗ್ಲಿ."