ಕಂಬಕ್ಕೆ ಕಟ್ಟಿದ ಮಕ್ಕಳು ತಾವೇ ಗಂಟು ಬಿಚ್ಚಿಕೊಳ್ಳುತ್ತಿರುವ ಕುರಿತು

ಪಾಠಶಾಲಾ ಶಿಸ್ತು ಮೇಲ್ವಿಚಾರಣಾ ಕಚೇರಿ
ಕ್ಯಾಂಪ್: ಕೊಳ್ಳೇಗಾಲ, ನೇಕಾರರ ಬೀದಿ ಶಾಲೆ, ಉತ್ತರ ದಿಕ್ಕಿನ ಕಂಬ

ಸಂಖ್ಯೆ: ಶಿ.ಮೇ./ಹಗ್ಗ/17
ದಿನಾಂಕ: 14-3-1951, ಮಧ್ಯಾಹ್ನ 3 ಗಂಟೆ

ವಿಷಯ: ಶಾಲೆಗಳಲ್ಲಿ ಮಕ್ಕಳನ್ನು ಕಟ್ಟಿಹಾಕುವುದು, ಕೋಣೆಯಲ್ಲಿ ಕೂಡಿಹಾಕುವುದು ಹಾಗೂ ತತ್ಸಂಬಂಧವಾದ ಗಂಟುಗಳು.

ಉಲ್ಲೇಖ: (1) ಸುತ್ತೋಲೆ 9: ಎದುರು ಮಾತನಾಡುವ ಮಕ್ಕಳನ್ನು ಕಂಬಕ್ಕೆ ಕಟ್ಟುವ ಬಗ್ಗೆ.
(2) ಸುತ್ತೋಲೆ 12: ಕಟ್ಟುವ ಹಗ್ಗವು ಸರ್ಕಾರಿ ಸ್ವತ್ತಾದ್ದರಿಂದ ಅದನ್ನು ಕತ್ತರಿಸಿದವರಿಗೆ ಶಿಕ್ಷೆಯಾಗುವ ಬಗ್ಗೆ.
(3) ಉಪಾಧ್ಯಾಯ ಗುರುಪಾದಸ್ವಾಮಿಯವರ ಮೂರು ಮನವಿಗಳು (ಓದಿರುವುದಿಲ್ಲ).

ಪ್ರಸ್ತಾವನೆ

1. ಸದರಿ ಶಾಲೆಯ ಮೂರನೆಯ ತರಗತಿಯ ರುದ್ರಾಣಿ, ರೇಷ್ಮೆ ನೇಕಾರ ದೇವಣ್ಣನ ಮಗಳು, ಕಳೆದ ತನಿಖೆಯ ದಿನ ಈ ಕಚೇರಿಯ ಅಧಿಕಾರಿಗಳಾದ ಶ್ರೀ ವೃಷಭೇಂದ್ರಪ್ಪನವರು ಕೇಳಿದ ಲೆಕ್ಕಕ್ಕೆ ಉತ್ತರ ಕೊಟ್ಟಳು. ಉತ್ತರ ಸರಿಯಾಗಿತ್ತು. ಲೆಕ್ಕವೇ ತಪ್ಪಾಗಿತ್ತು, ಅದನ್ನೂ ಅವಳೇ ಹೇಳಿದಳು. ಆದಕಾರಣ ಅವಳನ್ನು ಸುತ್ತೋಲೆ 9ರ ಮೇರೆಗೆ ಕಂಬಕ್ಕೆ ಕಟ್ಟಿಸಲಾಯಿತು.

2. ಗುರುಪಾದಸ್ವಾಮಿಯವರು ಒಲ್ಲದ ಮನಸ್ಸಿನಿಂದ ಕಟ್ಟಿದರು. ತರಗತಿಯು ಐದರ ಮಗ್ಗಿ ಮುಗಿಸುವಷ್ಟರಲ್ಲಿ ಬಾಲಕಿಯು ಗಂಟು ಬಿಚ್ಚಿ, ಹಗ್ಗವನ್ನು ನೀಟಾಗಿ ಸುರುಳಿ ಸುತ್ತಿ ಮೇಜಿನ ಮೇಲಿಟ್ಟು, ಆರರ ಮಗ್ಗಿಗೆ ಬಂದು ಕೂತಿದ್ದಳು. ಮತ್ತೆ ಕಟ್ಟಲಾಯಿತು, ಮತ್ತೆ ಬಂದಳು. ಕತ್ತಲೆ ಕೋಣೆಯಲ್ಲಿ ಕೂಡಿಹಾಕಲಾಯಿತು. ಬೀಗದ ಬೇಡಿಕೆ ಎಂಟು ವರ್ಷಗಳಿಂದ ಪರಿಶೀಲನೆಯಲ್ಲಿರುವುದರಿಂದ ಚಿಲಕಕ್ಕೂ ಹಗ್ಗವನ್ನೇ ಕಟ್ಟಲಾಗಿತ್ತು. ಬಾಗಿಲ ಸಂದಿಯಿಂದ ಎರಡು ಬೆರಳು ಹೊರಬಂದವು. ಮುಂದಿನದನ್ನು ವಿವರಿಸುವ ಅಗತ್ಯವಿಲ್ಲ.

3. ವಿಚಾರಣೆಯಲ್ಲಿ ಬಾಲಕಿಯ ಹೇಳಿಕೆ, ಅವಳ ಮಾತಿನಲ್ಲೇ: "ಇದೂ ಒಂದ್ ಗಂಟಾ ಸಾ? ನಮ್ಮವ್ವ ರೇಸ್ಮೆ ಎಳೆಗೆ ಆಕ್ತಳಲ್ಲ, ಅದು ಗಂಟು." ಮಗ್ಗದ ಮನೆಯ ಮಕ್ಕಳು ಹಾಲುಹಲ್ಲು ಬೀಳುವ ಮೊದಲೇ ಕಡಿದ ಎಳೆ ಹುಡುಕಿ ಗಂಟಿಡುವುದನ್ನೂ ಸಿಕ್ಕು ಬಿಡಿಸುವುದನ್ನೂ ಕಲಿತಿರುತ್ತಾರೆಂದು ಉಪಾಧ್ಯಾಯರು ಮೇಲೆ ಕಂಡ ಮೂರೂ ಮನವಿಗಳಲ್ಲಿ ಬರೆದಿದ್ದರಂತೆ.

4. ಸರ್ಕಾರಿ ಶಿಸ್ತನ್ನು ಅನುಮತಿಯಿಲ್ಲದೆ ಬಿಚ್ಚಿದ್ದಕ್ಕಾಗಿ ಇಂದು ಬೆಳಗ್ಗೆ ರುದ್ರಾಣಿಯ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಲಾಯಿತು. ಕರೆಸಲಾದ ತಂದೆ ದೇವಣ್ಣನು, "ಓಗ್ಲಿ ಬುಡಿ ಸಾ, ಓದಿದ್ದು ಸಾಕು. ನಾಳಿಂದ ಮನೇಲಿ ಮಗ್ಗದ ಕಂಡಿಕೆಗೆ ನೂಲು ಸುತ್ಲಿ," ಎಂದನು. ಬಾಲಕಿ ಅಳಲಿಲ್ಲ. ಸ್ಲೇಟನ್ನು ಎದೆಗವುಚಿಕೊಂಡು ಗೇಟಿನಾಚೆ ಹೋಗಿ ನಿಂತಳು, ಮನೆಗೆ ಮಾತ್ರ ಹೋಗಲಿಲ್ಲ. ಗುರುಪಾದಸ್ವಾಮಿಯವರು ಬೆನ್ನು ತಿರುಗಿಸಿ ಕರಿಹಲಗೆ ಒರೆಸತೊಡಗಿದರು. ಕರಿಹಲಗೆಯ ಮೇಲೆ ಏನೂ ಬರೆದಿರಲಿಲ್ಲ.

5. ತಪ್ಪು ಸುತ್ತೋಲೆಯದಲ್ಲ, ಗಂಟಿನದು ಎಂಬುದು ಅಧಿಕಾರಿಗಳ ಖಚಿತ ಅಭಿಪ್ರಾಯ. ಎಲ್ಲ ಶಾಲೆಗಳಿಗೂ ಅನ್ವಯಿಸುವ ಮಾದರಿ ಗಂಟೊಂದನ್ನು ಗೊತ್ತುಪಡಿಸಲು, ತಮ್ಮನ್ನೇ ಕಂಬಕ್ಕೆ ಕಟ್ಟುವಂತೆ ಅವರು ದೇವಣ್ಣನಿಗೆ ಆಜ್ಞಾಪಿಸಿದರು. "ಬ್ಯಾಡಿ ಸಾ, ನಾ ಕಟ್ಟುದ್ರೆ ಕಟ್ದಂಗೇಯ," ಎಂದು ಆತ ಎರಡು ಸಲ ಹೇಳಿದ್ದು ದಾಖಲೆಯಲ್ಲಿದೆ. ಮೂರನೆಯ ಸಲ ಕಟ್ಟಿದನು. ಎಳೆದಷ್ಟೂ ಬಿಗಿಯುವ ಗಂಟು. ಆಮೇಲೆ ಕೈಮುಗಿದು, ತಂಗಿಯ ಮಗಳ ಒಪ್ಪಿಗೆ ಶಾಸ್ತ್ರಕ್ಕೆಂದು ಹೆಂಡತಿಯನ್ನೂ ಕರೆದುಕೊಂಡು ಹನ್ನೆರಡರ ಬಸ್ಸಿಗೆ ಯಳಂದೂರಿಗೆ ಹೊರಟುಹೋದನು. ಬಿಚ್ಚಿ ಹೋಗೆಂದು ಆಜ್ಞೆಯಲ್ಲಿ ಇರಲಿಲ್ಲ.

6. ಯಳಂದೂರು ಇಲ್ಲಿಗೆ ಹತ್ತೇ ಮೈಲಿ. ಆದರೆ ಅದು ಮೈಸೂರು ರಾಜ್ಯಕ್ಕೆ ಸೇರಿದ್ದು, ನಾವು ಮದರಾಸು ರಾಜ್ಯಕ್ಕೆ ಸೇರಿದವರು. ದೇವಣ್ಣನನ್ನು ಅಧಿಕೃತವಾಗಿ ಕರೆಸಲು ಪತ್ರವು ಕೊಯಮತ್ತೂರು, ಮದರಾಸು, ಬೆಂಗಳೂರು, ಮೈಸೂರು ಸುತ್ತಿ ಬರಬೇಕು. ಅಷ್ಟರಲ್ಲಿ ಅಧಿಕಾರಿಗಳಿಗೆ ನಿವೃತ್ತಿಯ ವಯಸ್ಸಾಗುತ್ತದೆ. ಹಗ್ಗ ಕೊಯ್ಯಲು ಸುತ್ತೋಲೆ 12 ಅಡ್ಡ ಬರುತ್ತದೆ. ಅದಕ್ಕೆ ಸಹಿ ಹಾಕಿದವರು ಅಧಿಕಾರಿಗಳೇ. ತರಗತಿಯ ಹನ್ನೊಂದು ಮಕ್ಕಳು ಬಹಳ ಉತ್ಸಾಹದಿಂದ ಬಿಚ್ಚಲು ಪ್ರಯತ್ನಿಸಿ ಇನ್ನಷ್ಟು ಬಿಗಿ ಮಾಡಿದರು. ಮನೆಗೊಂದು ಗಂಟಂತೆ. ಇದು ದೇವಣ್ಣನ ಮನೆಯದು. ಆ ಮನೆಯವರ ಬೆರಳಿಗಲ್ಲದೆ ಬಗ್ಗುವುದಿಲ್ಲ.

7. ಆ ಮನೆಯ ಬೆರಳುಗಳು ಗೇಟಿನಾಚೆ ಇದ್ದವು. "ನಂಗ್ ಬುಡ್ಸಾಕ್ ಬತ್ತದೆ ಸಾ. ಆದ್ರೆ ಎಸ್ರು ಒಡ್ದಾಕ್ಬುಟ್ಟಿದ್ದೀರಲ್ಲ, ಒಳಕ್ ಎಂಗ್ ಬರ್ಲಿ?" ಎಂದು ರುದ್ರಾಣಿ ಅಲ್ಲಿಂದಲೇ ಕೇಳಿದಳು. ದಾಖಲಾತಿ ಇಲ್ಲದವರು ಒಳಬರಬಾರದೆಂಬ ನಿಯಮವೂ ಈ ಕಚೇರಿಯದೇ. ಮಾಡಿದ್ದುಣ್ಣೋ ಮಹಾರಾಯ ಎಂದು ಗುರುಪಾದಸ್ವಾಮಿಯವರು ಗೊಣಗಿದಂತೆ ಕೇಳಿಸಿತು, ಖಚಿತವಿಲ್ಲ.

8. ಕಟ್ಟಿಸಿಕೊಂಡು ಮೂರು ತಾಸಾಗುವಾಗ ಅಧಿಕಾರಿಗಳ ಗಮನಕ್ಕೆ ಬಂದ ಸಂಗತಿಗಳು: ನೋವು ಅಷ್ಟೇನಿಲ್ಲ. ಮೂಗು ಕೆರೆಯುತ್ತದೆ. ಎಲ್ಲರೂ ನೋಡುತ್ತಾರೆ. ನಾಚಿಕೆಯಾಗುತ್ತದೆ, ಬಹಳ. ಒಮ್ಮೆ ಅಳುವೂ ಬಂದಿತು. ಇದನ್ನು ಬರೆದುಕೊಳ್ಳಬಾರದೆಂದು ತಿಳಿಸಲಾಗಿದೆ.

ಆಜ್ಞೆ

ಆದಕಾರಣ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ ಏನೆಂದರೆ:

9. ಇನ್ನು ಮುಂದೆ ರುದ್ರಾಣಿಯನ್ನು ಕಂಬಕ್ಕೆ ಕಟ್ಟತಕ್ಕದ್ದಲ್ಲ, ಕೋಣೆಯಲ್ಲಿ ಕೂಡಿಹಾಕತಕ್ಕದ್ದಲ್ಲ.

10. ಉಳಿದ ಮಕ್ಕಳಿಗೆ ಸುತ್ತೋಲೆ 9 ಯಥಾಪ್ರಕಾರ ಅನ್ವಯಿಸುತ್ತದೆ. ಆದರೆ ಪ್ರತಿ ಕಂಬಕ್ಕೆ ಒಬ್ಬರಂತೆ ಮೂಗು ಮಾನಿಟರನನ್ನು ನೇಮಿಸತಕ್ಕದ್ದು. ಮೂಗಿನ ಎಡಬದಿಯೋ ಬಲಬದಿಯೋ ಎಂಬುದನ್ನು ಕಟ್ಟಲ್ಪಟ್ಟವರು ಲಿಖಿತವಾಗಿ ತಿಳಿಸತಕ್ಕದ್ದು. ಕೈ ಕಟ್ಟಿರುವುದರಿಂದ ಬರೆಯಲಾಗದಿದ್ದಲ್ಲಿ, ಆ ಬಗ್ಗೆಯೂ ಬರೆದು ಕೊಡತಕ್ಕದ್ದು.

11. ಕತ್ತಲೆ ಕೋಣೆಯಲ್ಲಿರುವ ಹೆಗ್ಗಣವು ಶಾಲಾ ಸಿಬ್ಬಂದಿಯಲ್ಲ. ಅದಕ್ಕೆ ಹೆದರಿದ ಮಕ್ಕಳನ್ನು ಶಿಸ್ತಿಗೆ ಹೆದರಿದವರೆಂದು ವರದಿಯಲ್ಲಿ ತೋರಿಸಕೂಡದು.

12. ರುದ್ರಾಣಿಯ ಹೆಸರನ್ನು ಹೊಡೆದ ಗೀಟನ್ನು ರಬ್ಬರಿನಿಂದ ಅಳಿಸಿ, ಇಂದಿನ ಹಾಜರಿಯನ್ನೂ ಕೊಡತಕ್ಕದ್ದು. ಗೇಟಿನಾಚೆ ನಿಂತೇ ಅವಳು ಇಡೀ ಪಾಠ ಕೇಳಿದ್ದಾಳೆ, ಒಳಗಿದ್ದವರು ಕೇಳಿಲ್ಲ.

13. ಅಧಿಕಾರಿಯನ್ನು ಕಟ್ಟಿಹಾಕಿ ಪರರಾಜ್ಯಕ್ಕೆ ಹೋದ ಬಗ್ಗೆ ದೇವಣ್ಣನ ಮೇಲೆ ಕೈಗೊಳ್ಳಬೇಕಾದ ಕ್ರಮವನ್ನು, ಮಗಳು ಹೈಸ್ಕೂಲು ಮುಗಿಸುವವರೆಗೆ ತಡೆಹಿಡಿಯಲಾಗಿದೆ. ಅವಳನ್ನು ನಡುವೆ ಬಿಡಿಸಿ ಮಗ್ಗದ ಕೆಲಸಕ್ಕೆ ಕೂರಿಸಿದ ದಿನವೇ ಕ್ರಮ ಜರುಗುವುದು. ಈ ಕಲಮನ್ನು ಗುರುಪಾದಸ್ವಾಮಿಯವರು ಸೂಚಿಸಿದ್ದು, ಲೇಖನಿ ಅವರ ಕೈಯಲ್ಲಿದ್ದ ಕಾರಣ ಅಧಿಕಾರಿಗಳು ಒಪ್ಪಿರುತ್ತಾರೆ.

(ಸಹಿಯ ಬದಲು ಎಡಗೈ ಹೆಬ್ಬೆಟ್ಟು, ಕಂಬದ ಹಿಂದಿನಿಂದ ಒತ್ತಿಸಿಕೊಂಡದ್ದು)
ವೃಷಭೇಂದ್ರಪ್ಪ
ಶಿಸ್ತು ಮೇಲ್ವಿಚಾರಕರು

ಪ್ರತಿಗಳು:

1. ಹನೂರು, ಕೌದಳ್ಳಿ, ರಾಮಾಪುರದ ಶಾಲೆಗಳಿಗೆ, ಮಾದರಿ ಗಂಟನ್ನು ಯಾರೂ ಪ್ರಯತ್ನಿಸಬಾರದೆಂಬ ಕೋರಿಕೆಯೊಂದಿಗೆ.

2. ದೇವಣ್ಣನಿಗೆ, ನಾಲ್ಕು ಊರುಗಳ ಮಾರ್ಗವಾಗಿ. ಅದಕ್ಕೆ ಮೊದಲೇ ಆತ ಸಂಜೆಯ ಬಸ್ಸಿಗೆ ಮನೆಗೆ ಬಂದರೆ ಕೈಯಲ್ಲೇ ಕೊಡುವುದು.

3. ಹಗ್ಗದ ಕಡತಕ್ಕೆ.

4. ಕುಮಾರಿ ರುದ್ರಾಣಿಗೆ, ಗೇಟಿನ ಬಳಿ. ಓದಿಕೊಂಡು ತಕ್ಷಣ ಒಳಬರತಕ್ಕದ್ದು.

ಸದರಿ ಬಾಲಕಿಯು ಪೂರ್ತಿ ಓದಿ, ಒಳಬಾರದೆ, ಸ್ಲೇಟಿನ ಮೇಲೆ ಬರೆದು ಕಳಿಸಿದ ಷರಾ: "ನನ್ ಒಬ್ಳುನ್ನೇ ಯಾಕ್ ಸಾ? ಯಾರ್ನೂ ಕಟ್ಬಾರ್ದು ಅಂತ ಬರೀರಿ. ಆಮ್ಯಾಕ್ ಬತ್ತೀನಿ."

ತಿದ್ದುಪಡಿ, 3 ಗಂಟೆ 40 ನಿಮಿಷ: ಕಲಮು 10 ಮತ್ತು 11ನ್ನು ಕೈಬಿಡಲಾಗಿದೆ. ಕಲಮು 9ರಲ್ಲಿ "ರುದ್ರಾಣಿಯನ್ನು" ಎಂದಿರುವಲ್ಲಿ "ಯಾವ ಮಗುವನ್ನೂ" ಎಂದು ಓದಿಕೊಳ್ಳತಕ್ಕದ್ದು.