ಮಟಮಟ ಮಧ್ಯಾಹ್ನದ ಪತಂಗ

ನಮ್ಮ ಕಡೆ ಹುಳದ ಹೆಸರು ಕೇಳಾಕ ಹ್ವಾದ್ರ ಔಷಧದ ಹೆಸರು ಹೇಳಿ ಕಳಸ್ತಾರ. ಮೂರು ವರ್ಷದಿಂದ ನನ್ನ ಹಣೇಬಾರ ಇದ.

ನಾನು ಬಸವನ ಬಾಗೇವಾಡಿ ಸಾಲ್ಯಾಗ ವಿಜ್ಞಾನ ಕಲಿಸೋ ಅಕ್ಕೋರು. ಮನಗೂಳಿ ಹತ್ರ ಅರಣ್ಯದವರ ತೋಪಿನ್ಯಾಗ ಒಂದು ಪತಂಗ ಕಂಡಿದ್ದೆ. ಉಗುರಿನಷ್ಟು ಸಣ್ಣದು, ಕರೇ ರೆಕ್ಕಿ ಮ್ಯಾಲೆ ಬಿಳೇ ಚುಕ್ಕಿ, ಹೊಟ್ಟಿಗೆ ಕೇಸರಿ ಪಟ್ಟಿ. ಉಳಿದ ಪತಂಗ ರಾತ್ರಿ ದೀಪಕ್ಕ ಬರ್ತಾವು, ಇದು ಮಟಮಟ ಮಧ್ಯಾಹ್ನ ಹಾರ್ತೈತಿ. ಅದೂ ಮೊದಲ ಮಳಿ ಆದಮ್ಯಾಲೆ ಎಂಟ್ಹತ್ತು ದಿನ ಅಷ್ಟ. ಈ ವರ್ಷ ನಾ ರಿಟೈರ್. ಅಷ್ಟ್ರಾಗ ಇದರ ಹೆಸರು ತಿಳೀಬೇಕು, ಮತ್ತೇನೂ ಬ್ಯಾಡ ನನಗ.

ಇಂಡಿ ಊರಿನ ಅಂಗಡಿ

ಇಂಡಿಗೆ ಮದುವಿಗೆ ಹೋದಾಗ ಗೊಬ್ಬರದ ಅಂಗಡಿಯವರಿಗೆ ಫೋಟೋ ತೋರಿಸ್ದೆ. ದಿನಾ ಹುಳದ್ದ ಮಾತು ಕೇಳಾವರು, ಗೊತ್ತಿರಬಹುದು ಅಂತ ಆಸೆ.

"ಎಷ್ಟು ಎಕರೆ ಐತ್ರಿ ಅಕ್ಕೋರ?" ಅಂದ್ರು.

"ಹೊಲ ಇಲ್ರಿ, ಹೆಸರು ಬೇಕ್ರಿ."

"ಹೆಸರು ತಗೊಂಡು ಏನ್ ಮಾಡ್ತೀರಿ, ಸಾಯೋದು ಮುಖ್ಯ," ಅಂತ ಬಾಟ್ಲಿ ಮುಂದಿಟ್ರು.

ಸಿಂದಗಿಯ ಗೆಳತಿ

ಸಿಂದಗಿ ಗೆಳತಿ, "ಈಗ ಫೋನ ಎಲ್ಲಾದ್ರ ಹೆಸರು ಹೇಳ್ತೈತಿ, ತಡಿ" ಅಂದ್ಳು. ಮೊದಲ ಫೋಟೋಕ್ಕ ಫೋನು ಕಣಜ ಅಂತು. ಎರಡನೇದಕ್ಕ ನೊಣ ಅಂತು. ಮೂರನೇದ್ರಾಗ ನನ್ನ ಹೆಬ್ಬಟ್ಟ ಅಡ್ಡ ಬಂದಿತ್ತು. ಅದಕ್ಕ ಹಸಿ ಶುಂಠಿ ಅಂತು.

"ಹೋಗ್ಲಿ ಬಿಡ, ಹೆಬ್ಬಟ್ಟಿಗಾದ್ರೂ ಒಂದು ಹೆಸರು ಸಿಕ್ತು," ಅಂತ ಗೆಳತಿ ಸಮಾಧಾನ ಹೇಳಿದ್ಳು.

ಮನಗೂಳಿಯ ತೋಪು

ಕಡಿಗೆ ಪತಂಗ ಬಲ್ಲವರೊಬ್ಬರು ಫೋನಿನ್ಯಾಗ ಸಿಕ್ರು. "ಹಿಂದಿನ ರೆಕ್ಕಿ ಚಂದಂಗಿ ಕಾಣೋ ಒಂದು ಫೋಟೋ ಕಳಸ್ರಿ, ಅವತ್ತ ಹೆಸರು ಹೇಳ್ತೇನಿ" ಅಂದ್ರು. ಮಳಿ ಆತು. ನಾಲ್ಕು ದಿನ ಬಿಸಲಾಗ ಅದರ ಬೆನ್ನ ಹತ್ತಿದೆ. ಒಂದು ಕಡೆ ಕುಂಡ್ರಲಿಲ್ಲ. ಅಳು ಬಂದು ತೋಪು ಕಾಯೋ ಕಾಕಾನ ಮುಂದ, "ಈ ಹುಳದಿಂದ ಮೂರು ವರ್ಷ ನಿದ್ದಿ ಇಲ್ರಿ" ಅಂದೆ.

ಐದನೇ ದಿನ ಹೋದ್ರ ತೋಪಿನ ತುಂಬ ಔಷಧದ ಘಾಟು. ಕಾಕಾನ ಬೆನ್ನ ಮ್ಯಾಲೆ ದ್ರಾಕ್ಷಿ ತ್ವಾಟಕ್ಕ ಔಷಧ ಹೊಡಿಯೋ ಪಂಪು.

"ನಿಮ್ಮ ತ್ರಾಸ ನೋಡಾಕ ಆಗ್ಲಿಲ್ರಿ ಅಕ್ಕೋರ. ಮುಂಜಾನಿಂದ ಹೊಡ್ದೇನಿ, ಒಂದೂ ಉಳದಿಲ್ಲ."

ಕೆಳಗ ಒಂದು ಪತಂಗ ರೆಕ್ಕಿ ಅಗಲ ಮಾಡಿ ಸತ್ತು ಬಿದ್ದಿತ್ತು. ಅಳಕೋತ ಫೋಟೋ ತಗದು ಕಳಿಸಿದೆ. ಐದ ನಿಮಿಷದಾಗ ಫೋನ ಬಂತು. ಉದ್ದನ್ನ ಹೆಸರೊಂದು ಹೇಳಿ, "ಈ ಕಡೆ ಇದನ್ನ ಯಾರೂ ನೋಡೇ ಇಲ್ರಿ. ನಾಳೆ ನಾನ ಬರ್ತೇನಿ, ಹಾರೋದು ತೋರಸ್ರಿ" ಅಂದ್ರು.

ನನ್ನ ಮುಖ ನೋಡಿ ಕಾಕಾ, ಏನಂದ್ರು ಅಂತ ಕೇಳಿದ. ಹುಳಾ ನೋಡಾಕ ನಾಳೆ ಬರ್ತಾರಂತ ಅಂದೆ.

"ಬರ್ಲಿ ತಗೋರಿ," ಅಂದ ಕಾಕಾ. "ಪಂಪಿನ್ಯಾಗ ಇನ್ನಾ ಅರ್ಧ ಔಷಧ ಐತಿ. ಅವರ ಊರಾಗೂ ಈ ಹುಳ ಇದ್ರ ಒಯ್ಲಿ."